‘ಬಂದಿಲ್ಲ’ ಬೇರೆ, ‘ಬರಲಿಲ್ಲ’ ಬೇರೆ

ಭದ್ರಾವತಿಯ ಪೇಪರ್ ಟೌನಿನಲ್ಲಿ ಒಂದು ಮನೆ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಏಳೂವರೆ. ಅಡುಗೆಮನೆಯಿಂದ ತಾಯಿ ಕೇಳುತ್ತಾರೆ.

‘ಸ್ನಾನ ಮಾಡಿದ್ದೀಯೇನೋ?’

‘ಮಾಡಿದ್ದೀನಮ್ಮ.’

‘ಇಂಗ್ಲಿಷ್ ಹೋಂವರ್ಕ್ ಬರೆದಿದ್ದೀಯಾ?’

‘ಬರೆದಿದ್ದೀನಿ.’

‘ಪೇಪರ್ ಬಂದಿದೆಯಾ ನೋಡು, ಅಪ್ಪ ಕೇಳ್ತಿದ್ದಾರೆ.’

‘ಇನ್ನೂ ಬಂದಿಲ್ಲಮ್ಮ. ನಿನ್ನೇನೂ ಬರಲಿಲ್ಲ.’

ಹುಡುಗ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಾನೆ. ಇಷ್ಟು ಚಿಕ್ಕ ಮಾತುಕತೆಯಲ್ಲಿ ಅವನು ಇಂಗ್ಲಿಷ್ ವ್ಯಾಕರಣದವರು ‘ಪ್ರೆಸೆಂಟ್ ಪರ್ಫೆಕ್ಟ್’ ಎಂದು ಕರೆಯುವ ಕ್ರಿಯಾರೂಪವನ್ನು ಮೂರು ಸಲ ಬಳಸಿದ್ದಾನೆ. ನಾಲ್ಕನೆಯ ಸಲ, ನಿನ್ನೆಯ ಮಾತು ಬಂದ ಕೂಡಲೇ, ಯಾರೂ ಹೇಳಿಕೊಡದೆ ‘ಬಂದಿಲ್ಲ’ ಬಿಟ್ಟು ‘ಬರಲಿಲ್ಲ’ಕ್ಕೆ ಹೊರಳಿದ್ದಾನೆ. ಒಂದೂ ತಪ್ಪಿಲ್ಲ.

ಇದೇ ಹುಡುಗ ಹನ್ನೊಂದು ಗಂಟೆಗೆ ತರಗತಿಯಲ್ಲಿ ಎದ್ದು ನಿಂತಿದ್ದಾನೆ. ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸಿಗೆ ಒಂದು ಉದಾಹರಣೆ ಹೇಳು ಎಂದರೆ ತಲೆ ತಗ್ಗಿಸುತ್ತಾನೆ. ಒತ್ತಾಯ ಮಾಡಿದರೆ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಎನ್ನುತ್ತಾನೆ. ಕೆಂಪು ಶಾಯಿ ಬೀಳುವುದು ಅಲ್ಲಿಯೇ. ಮನೆಯಲ್ಲಿ ಲೀಲಾಜಾಲವಾಗಿ ಆಡಿದ ಮಾತು ಶಾಲೆಯಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುವುದೇಕೆ?

ಮೂರು ಕಾಲ, ಹನ್ನೆರಡು ಟೆನ್ಸ್

ಕನ್ನಡದ ಪಿರಿಯಡ್ಡಿನಲ್ಲಿ ಮಕ್ಕಳು ಕಲಿಯುವುದು ಮೂರು ಕಾಲ: ಭೂತ, ವರ್ತಮಾನ, ಭವಿಷ್ಯತ್. ಗಂಟೆ ಹೊಡೆದು ಇಂಗ್ಲಿಷ್ ಪಿರಿಯಡ್ ಶುರುವಾದರೆ ಕಪ್ಪು ಹಲಗೆಯ ಮೇಲೆ ಹನ್ನೆರಡು ಟೆನ್ಸುಗಳ ಕೋಷ್ಟಕ. 1930ರ ದಶಕದಲ್ಲಿ ಮೊದಲು ಅಚ್ಚಾದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕವನ್ನು ಓದಿದ ಅಜ್ಜಂದಿರಿಗೂ ಇಂಥ ಪಟ್ಟಿಗಳು ಪರಿಚಿತ, ಗೈಡ್ ನೋಡಿ ಓದುವ ಮೊಮ್ಮಕ್ಕಳಿಗೂ ಪರಿಚಿತ. ಪ್ರೆಸೆಂಟ್ ಪರ್ಫೆಕ್ಟ್ ಎಂದರೆ ‘ಹ್ಯಾವ್ ಅಥವಾ ಹ್ಯಾಸ್, ಮುಂದೆ ಕ್ರಿಯಾಪದದ ಮೂರನೇ ರೂಪ’ ಎಂಬ ಸೂತ್ರ. ಜತೆಗೆ ಗೋ-ವೆಂಟ್-ಗಾನ್, ಸೀ-ಸಾ-ಸೀನ್, ಈಟ್-ಏಟ್-ಈಟನ್ ಎಂಬ ಮಗ್ಗಿ.

ಸೂತ್ರದಲ್ಲಿ ತಪ್ಪೇನಿಲ್ಲ. ಆದರೆ ಅದು ಈ ರೂಪವನ್ನು ಹೇಗೆ ಕಟ್ಟಬೇಕೆಂದು ಹೇಳುತ್ತದೆಯೇ ಹೊರತು ಯಾವಾಗ ಬಳಸಬೇಕೆಂದು ಹೇಳುವುದಿಲ್ಲ. ಮೂರನೇ ರೂಪದ ಮಗ್ಗಿಗೂ ಮಕ್ಕಳು ಹೆದರಬೇಕಾಗಿಲ್ಲ. ಕನ್ನಡದಲ್ಲಿ ಬರು-ಬಂದು, ತಿನ್ನು-ತಿಂದು, ಕೊಡು-ಕೊಟ್ಟು, ನಿಲ್ಲು-ನಿಂತು, ಬೀಳು-ಬಿದ್ದು ಎಂಬ ಏರುಪೇರಿನ ರೂಪಗಳನ್ನು ಯಾವ ಮಗುವೂ ಬಾಯಿಪಾಠ ಮಾಡಿಲ್ಲ. ಕೇಳಿ ಕೇಳಿ, ಆಡಿ ಆಡಿ ಅವು ನಾಲಗೆಗೆ ಬಂದಿವೆ. ‘ಗಾನ್’, ‘ಸೀನ್’ ಎಂಬುವೂ ಹಾಗೆಯೇ ಬರಬೇಕಾದವು.

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಅದಕ್ಕೆ ಮುಂಚೆ ಇಂಗ್ಲಿಷ್ ಐದನೆಯ ತರಗತಿಗೆ ಶುರುವಾಗುತ್ತಿತ್ತು. ವರ್ಷಗಳು ಹೆಚ್ಚಿದರೂ ಹಳೆಯ ತಪ್ಪುಗಳು ಉಳಿದಿದ್ದರೆ ಕಲಿಕೆ ಎಲ್ಲಿಂದ ಹೊರಡುತ್ತಿದೆ ಎಂಬುದನ್ನು ನೋಡಬೇಕು. ಮಗುವಿನ ಬಾಯಲ್ಲಿ ಆಗಲೇ ಇರುವುದನ್ನು ಎತ್ತಿ ತೋರಿಸುವ ಬದಲು, ಅದರ ಹತ್ತಿರ ಏನೂ ಇಲ್ಲವೆಂದು ಭಾವಿಸಿ ಪಾಠ ಆರಂಭವಾಗುತ್ತದೆ.

‘ಬಂದು’ ಮತ್ತು ‘ಇದ್ದಾನೆ’

‘ಬಂದಿದ್ದಾನೆ’ ಎಂಬ ಮಾತನ್ನು ಬಿಡಿಸಿ ನೋಡಿದರೆ ಎರಡು ತುಂಡು ಸಿಗುತ್ತವೆ: ‘ಬಂದು’ ಮತ್ತು ‘ಇದ್ದಾನೆ’. ‘ಬಂದು’ ಎಂಬುದು ಮುಗಿದ ಕೆಲಸ, ಭೂತಕಾಲದ್ದು. ‘ಇದ್ದಾನೆ’ ಎಂಬುದು ಈಗಿನ ಸ್ಥಿತಿ, ವರ್ತಮಾನದ್ದು. ಶಿವಮೊಗ್ಗದ ಕಡೆಯಿಂದ ತುಂಗೆ, ಭದ್ರಾವತಿಯ ಕಡೆಯಿಂದ ಭದ್ರೆ ಬಂದು ಕೂಡ್ಲಿಯಲ್ಲಿ ಸೇರುವಂತೆ ಇಲ್ಲಿ ಎರಡು ಕಾಲಗಳು ಒಂದೇ ಪದದಲ್ಲಿ ಸೇರುತ್ತವೆ. ಕೆಲಸ ಆದದ್ದು ಹಿಂದೆ, ಅದರ ಫಲ ಕಾಣುತ್ತಿರುವುದು ಈಗ. ಕನ್ನಡದಲ್ಲಿ ಕೆಲವರು ಇದನ್ನು ‘ಪೂರ್ಣ ವರ್ತಮಾನ’ ಎನ್ನುವುದುಂಟು. ಪ್ರೆಸೆಂಟ್ ಪರ್ಫೆಕ್ಟ್ ಎಂಬ ಹೆಸರಿನಲ್ಲಿ ‘ಪ್ರೆಸೆಂಟ್’ ಇರುವುದೂ ಇದೇ ಕಾರಣಕ್ಕೆ. ಅದು ಹಿಂದಿನ ಸಂಗತಿಯನ್ನು ಹೇಳಿದರೂ ಅದರ ಕಣ್ಣು ಇರುವುದು ಇಂದಿನ ಮೇಲೆ.

ಇಂಗ್ಲಿಷಿನವರು ಇದಕ್ಕೆ ‘ಹ್ಯಾವ್’ ಎಂಬ ಪದವನ್ನೇ ಏಕೆ ಹಿಡಿದರು? ಬಹಳ ಹಿಂದಿನ ಇಂಗ್ಲಿಷಿನಲ್ಲಿ ‘ಬರೆದ ಕಾಗದ ನನ್ನ ಬಳಿ ಇದೆ’ ಎಂಬಂಥ ಧಾಟಿಯ ವಾಕ್ಯವಿತ್ತು. ಮುಗಿದ ಕೆಲಸವೊಂದು ಕೈಯಲ್ಲಿದೆ ಎಂಬ ಭಾವ. ಅದೇ ಬದಲಾಗುತ್ತ ಬಂದು ‘ಐ ಹ್ಯಾವ್ ರಿಟನ್ ದಿ ಲೆಟರ್’ ಎಂದಾಯಿತು. ಬರುವುದು, ಹೋಗುವುದು ಮುಂತಾದ ಕ್ರಿಯೆಗಳಿಗಂತೂ ಶೇಕ್ಸ್‌ಪಿಯರನ ಕಾಲದಲ್ಲಿ ‘ಹಿ ಈಸ್ ಕಮ್’ ಎಂಬ ರೂಪ ಸಾಮಾನ್ಯವಾಗಿತ್ತು. ಅಂದರೆ ‘ಬಂದು ಇದ್ದಾನೆ’ ಎಂಬ ನಮ್ಮದೇ ಕಟ್ಟು! ಈಗಿನ ಇಂಗ್ಲಿಷಿನಲ್ಲಿ ಅದು ಬಹುಮಟ್ಟಿಗೆ ಮರೆಯಾಗಿ ‘ಹಿ ಈಸ್ ಗಾನ್’ ಎಂಬಂಥ ಕೆಲವೇ ಕಡೆ ಉಳಿದಿದೆ.

ನಾಲ್ಕು ಸಂದರ್ಭಗಳು

ಬ್ರಿಟಿಷ್ ಭಾಷಾವಿಜ್ಞಾನಿ ಬರ್ನಾರ್ಡ್ ಕಾಮ್ರಿ 1976ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ರೂಪದ ನಾಲ್ಕು ಬಳಕೆಗಳನ್ನು ಗುರುತಿಸಿದ್ದಾರೆ. ನಮ್ಮೂರಿನ ಮಾತುಗಳನ್ನೇ ತೆಗೆದುಕೊಂಡರೆ ನಾಲ್ಕೂ ಸುಲಭವಾಗಿ ಅರ್ಥವಾಗುತ್ತವೆ.

ಮೊದಲನೆಯದು, ಆದ ಕೆಲಸದ ಫಲ ಈಗ ಕಾಣುವುದು. ‘ಅಣ್ಣ ಬೆಂಗಳೂರಿಗೆ ಹೋಗಿದ್ದಾನೆ’ ಎಂದರೆ ಈಗ ಅವನು ಮನೆಯಲ್ಲಿಲ್ಲ. ಇಂಗ್ಲಿಷಿನಲ್ಲಿ ‘ಹಿ ಹ್ಯಾಸ್ ಗಾನ್ ಟು ಬೆಂಗಳೂರು.’

ಎರಡನೆಯದು, ಬದುಕಿನಲ್ಲಿ ಎಂದಾದರೂ ಆದ ಅನುಭವ. ‘ಜೋಗ ನೋಡಿದ್ದೀಯಾ?’ ಎಂದು ಕೇಳುವವರಿಗೆ ಯಾವ ದಿನ ನೋಡಿದೆ ಎಂಬುದು ಬೇಕಿಲ್ಲ, ನೋಡಿದ್ದುಂಟೋ ಇಲ್ಲವೋ ಎಂಬುದು ಬೇಕು. ‘ಹ್ಯಾವ್ ಯು ಸೀನ್ ಜೋಗ್ ಫಾಲ್ಸ್?’ ಇಲ್ಲೊಂದು ಸ್ವಾರಸ್ಯವಿದೆ. ‘ಅಣ್ಣ ಬೆಂಗಳೂರಿಗೆ ಹೋಗಿ ಬಂದಿದ್ದಾನೆ’ ಎಂದರೆ ಇಂಗ್ಲಿಷಿನಲ್ಲಿ ‘ಗಾನ್’ ಹೋಗಿ ‘ಬೀನ್’ ಬರುತ್ತದೆ: ‘ಹಿ ಹ್ಯಾಸ್ ಬೀನ್ ಟು ಬೆಂಗಳೂರು.’ ‘ಗಾನ್’ ಮತ್ತು ‘ಬೀನ್’ ನಡುವಿನ ವ್ಯತ್ಯಾಸ ಪದವಿ ಮುಗಿಸಿದವರನ್ನೂ ಎಡವಿಸುತ್ತದೆ. ‘ಹೋಗಿದ್ದಾನೆ’ ಮತ್ತು ‘ಹೋಗಿ ಬಂದಿದ್ದಾನೆ’ ನಡುವಿನ ವ್ಯತ್ಯಾಸ ಮೂರು ವರ್ಷದ ಮಗುವಿಗೂ ಗೊತ್ತು.

ಮೂರನೆಯದು, ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿರುವುದು. ‘ಹತ್ತು ವರ್ಷದಿಂದ ನ್ಯೂಟೌನಿನಲ್ಲಿದ್ದೇವೆ’ ಎಂಬುದು ಈ ಜಾತಿಯದು.

ನಾಲ್ಕನೆಯದು, ಈಗ ತಾನೇ ಆದದ್ದು. ‘ಬಸ್ಸು ಈಗ ತಾನೇ ಹೊರಟಿದೆ.’ ‘ದಿ ಬಸ್ ಹ್ಯಾಸ್ ಜಸ್ಟ್ ಲೆಫ್ಟ್.’

ಮೊದಲ ಎರಡು ಸಂದರ್ಭಗಳಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಸಂದೇಹ ಬಂದಾಗ ವಿದ್ಯಾರ್ಥಿ ಮಾಡಬೇಕಾದ್ದು ಇಷ್ಟೆ: ವಾಕ್ಯವನ್ನು ಮನಸ್ಸಿನಲ್ಲೇ ನಿಷೇಧಕ್ಕೆ ತಿರುಗಿಸಿ ನೋಡುವುದು. ‘ಬಂದಿಲ್ಲ, ತಿಂದಿಲ್ಲ, ನೋಡಿಲ್ಲ’ ಎಂದು ನಾಲಗೆ ಹೇಳಿದರೆ ಇಂಗ್ಲಿಷಿನಲ್ಲಿ ‘ಹ್ಯಾವ್ ನಾಟ್’ ಅಥವಾ ‘ಹ್ಯಾಸ್ ನಾಟ್’. ‘ಬರಲಿಲ್ಲ, ತಿನ್ನಲಿಲ್ಲ, ನೋಡಲಿಲ್ಲ’ ಎಂದರೆ ‘ಡಿಡ್ ನಾಟ್’. ಆಡುಮಾತಿನಲ್ಲಿ ಒಮ್ಮೊಮ್ಮೆ ಒಂದರ ಜಾಗಕ್ಕೆ ಇನ್ನೊಂದು ಬರುವುದುಂಟು. ಎಚ್ಚರದಿಂದ ಆಡಿದರೆ ಮಾತ್ರ ಈ ಕೀಲಿಕೈ ಹೆಚ್ಚಿನ ಬೀಗಗಳನ್ನು ತೆಗೆಯುತ್ತದೆ. ‘ಬಂದಿಲ್ಲ’ದಲ್ಲಿ ಬಾಗಿಲು ಇನ್ನೂ ತೆರೆದಿದೆ, ಬರಬಹುದು. ‘ಬರಲಿಲ್ಲ’ದಲ್ಲಿ ಆ ಹೊತ್ತು ಕಳೆದುಹೋಗಿದೆ.

ದಾರಿ ಕವಲೊಡೆಯುವ ಮೂರು ಕಡೆ

ಎರಡು ಭಾಷೆಗಳೂ ಪೂರ್ತಿ ಒಂದೇ ಆಗಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಮೂರು ಕಡೆ ಅವು ಬೇರೆಯಾಗುತ್ತವೆ. ಕೆಂಪು ಶಾಯಿ ಬೀಳುವುದೂ ಹೆಚ್ಚಾಗಿ ಈ ಮೂರು ಕಡೆಗಳಲ್ಲೇ.

ಮೊದಲ ಕವಲು ‘ನಿನ್ನೆ’. ಕಚೇರಿಯ ಗುಮಾಸ್ತರು ಕೇಳಿದಾಗ ವಿದ್ಯಾರ್ಥಿ ‘ಫೀಸು ಹೋದ ತಿಂಗಳೇ ಕಟ್ಟಿದ್ದೇನೆ ಸಾರ್’ ಎನ್ನುತ್ತಾನೆ. ಕನ್ನಡದಲ್ಲಿ ಇದು ಸರಿಯಾದ ಮಾತು. ಕಟ್ಟಿದ ದಿನವನ್ನೂ ಹೇಳಿ, ಕಟ್ಟಿಯಾಗಿದೆ ಎಂಬ ಈಗಿನ ಸ್ಥಿತಿಯನ್ನೂ ಹೇಳಲು ಕನ್ನಡ ಅವಕಾಶ ಕೊಡುತ್ತದೆ. ಇಂಗ್ಲಿಷ್ ಕೊಡುವುದಿಲ್ಲ. ‘ಲಾಸ್ಟ್ ಮಂತ್’, ‘ಯೆಸ್ಟರ್ಡೇ’, ‘ಇನ್ 2015’ ಎಂದು ಮುಗಿದ ಸಮಯವನ್ನು ಹೆಸರಿಸಿದ ಮೇಲೆ ‘ಹ್ಯಾವ್’ ಅಲ್ಲಿ ನಿಲ್ಲದು. ‘ಐ ಹ್ಯಾವ್ ಪೇಡ್ ದಿ ಫೀಸ್’ ಸರಿ, ‘ಐ ಪೇಡ್ ದಿ ಫೀಸ್ ಲಾಸ್ಟ್ ಮಂತ್’ ಕೂಡ ಸರಿ. ಎರಡನ್ನೂ ಬೆರೆಸಿದರೆ ತಪ್ಪು. ‘ಯಾವಾಗ?’ ಎಂಬ ಪ್ರಶ್ನೆಗೂ ಇದೇ ಕಟ್ಟಳೆ. ‘ವೆನ್ ಹ್ಯಾವ್ ಯು ಕಮ್?’ ಅಲ್ಲ, ‘ವೆನ್ ಡಿಡ್ ಯು ಕಮ್?’ ‘ಟುಡೇ’, ‘ದಿಸ್ ವೀಕ್’, ‘ದಿಸ್ ಇಯರ್’ ಎಂಬ ಇನ್ನೂ ಮುಗಿಯದ ಸಮಯಗಳ ಜತೆ ‘ಹ್ಯಾವ್’ ಆರಾಮವಾಗಿ ಬರುತ್ತದೆ.

ಈ ತಪ್ಪು ದಡ್ಡತನದ ಗುರುತೆಂದು ಯಾವ ಪಾಲಕರೂ ತಿಳಿಯಬೇಕಾಗಿಲ್ಲ. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳ ಆಡುಮಾತಿನಲ್ಲೂ ‘ಹ್ಯಾವ್’ಗೆ ಸಮನಾದ ಪದವನ್ನು ‘ನಿನ್ನೆ’ಯ ಜತೆ ಸಲೀಸಾಗಿ ಬಳಸುತ್ತಾರೆ. ಆದ್ದರಿಂದ ಬರ್ಲಿನ್ನಿನ ಹುಡುಗನೂ ಪ್ಯಾರಿಸ್ಸಿನ ಹುಡುಗಿಯೂ ಇಂಗ್ಲಿಷ್ ಕಲಿಯುವಾಗ ಶಿವಮೊಗ್ಗದ ಮಕ್ಕಳು ಎಡವುವ ಕಲ್ಲಿಗೇ ಎಡವುತ್ತಾರೆ.

ಎರಡನೆಯ ಕವಲು ‘ಇಂದ’. ‘ಹತ್ತು ವರ್ಷದಿಂದ ಇಲ್ಲಿ ವಾಸ ಮಾಡುತ್ತಿದ್ದೇವೆ’ ಎಂಬುದನ್ನು ಮಕ್ಕಳು ‘ವಿ ಆರ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂದು ಬರೆಯುತ್ತಾರೆ. ಇಲ್ಲಿ ತಪ್ಪು ಎರಡು. ‘ಆರ್ ಲಿವಿಂಗ್’ ಬದಲು ‘ಹ್ಯಾವ್ ಬೀನ್ ಲಿವಿಂಗ್’ ಆಗಬೇಕು. ‘ಸಿನ್ಸ್’ ಬದಲು ‘ಫಾರ್’ ಆಗಬೇಕು. ಕನ್ನಡದ ‘ಇಂದ’ ಎರಡು ಕೆಲಸ ಮಾಡುತ್ತದೆ. ‘ಹತ್ತು ವರ್ಷದಿಂದ’ ಎಂಬುದು ಎಣಿಸಬಹುದಾದ ಅವಧಿ, ಅದಕ್ಕೆ ಇಂಗ್ಲಿಷಿನಲ್ಲಿ ‘ಫಾರ್’. ‘2015ರಿಂದ’, ‘ಸೋಮವಾರದಿಂದ’, ‘ಯುಗಾದಿಯಿಂದ’ ಎಂಬುವು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ದಿನಗಳು, ಅವಕ್ಕೆ ‘ಸಿನ್ಸ್’. ಬೆರಳು ಮಡಿಸಿ ಎಣಿಸುವುದಾದರೆ ‘ಫಾರ್’, ಬೆರಳಿಟ್ಟು ತೋರಿಸುವುದಾದರೆ ‘ಸಿನ್ಸ್’. ಹೀಗೆ ನೆನಪಿಟ್ಟುಕೊಂಡರೆ ಸಾಕು.

ಈ ‘ಇಂದ’ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ‘ಹತ್ತು ವರ್ಷ ಕೆಲಸ ಮಾಡಿದರು’ ಎಂದರೆ ಮುಗಿಯಿತು. ‘ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ’ ಎಂದರೆ ಇನ್ನೂ ನಡೆದಿದೆ. ಇಂಥ ವಾಕ್ಯದಲ್ಲಿ ‘ಇಂದ’ ಕಂಡರೆ ಇಂಗ್ಲಿಷಿನಲ್ಲಿ ‘ಹ್ಯಾವ್ ಬೀನ್’ ಅಥವಾ ‘ಹ್ಯಾಸ್ ಬೀನ್’ ಬೇಕೆಂದು ತಿಳಿಯಬಹುದು. ಅವಧಿಯ ಮಾತು ‘ಇಂದ’ ಇಲ್ಲದೆ ಬಂದರೆ ಸಾಮಾನ್ಯವಾಗಿ ಸಿಂಪಲ್ ಪಾಸ್ಟ್ ಸಾಕು.

ಮೂರನೆಯ ಕವಲು ‘ಬಂತು’. ಬಸ್ಸು ತಿರುವಿನಲ್ಲಿ ಕಾಣಿಸಿದ ಕೂಡಲೇ ಕನ್ನಡಿಗರು ‘ಬಸ್ ಬಂತು!’ ಎನ್ನುತ್ತಾರೆ. ದೀಪ ಆರಿದರೆ ‘ಕರೆಂಟ್ ಹೋಯ್ತು’. ಎದುರು ಮನೆಯವರು ಕಂಡರೆ ‘ಊಟ ಆಯ್ತಾ?’ ಇವೆಲ್ಲ ಭೂತಕಾಲದ ರೂಪಗಳು. ಆದರೆ ಹೇಳುತ್ತಿರುವುದು ಈಗಿನ ಸ್ಥಿತಿಯನ್ನು. ಶಾಲೆಯಲ್ಲಿ ಕಲಿಸುವ ಬ್ರಿಟಿಷ್ ಮಾದರಿಯ ಇಂಗ್ಲಿಷಿನಲ್ಲಿ ಇಲ್ಲಿ ‘ಹ್ಯಾವ್’ ಬರಬೇಕು: ‘ದಿ ಬಸ್ ಹ್ಯಾಸ್ ಕಮ್’, ‘ಹ್ಯಾವ್ ಯು ಹ್ಯಾಡ್ ಯುವರ್ ಲಂಚ್?’ ಅಮೆರಿಕದವರು ಇಂಥ ಕಡೆ ನಮ್ಮಂತೆಯೇ ಸಿಂಪಲ್ ಪಾಸ್ಟ್ ಬಳಸಿ ‘ಡಿಡ್ ಯು ಈಟ್?’ ಎಂದು ಕೇಳುವುದು ಸಾಮಾನ್ಯ. ಅಲ್ಲಿಯ ಸಿನಿಮಾ ನೋಡುವ ಮಕ್ಕಳಿಗೆ ಇದರಿಂದ ಗೊಂದಲವಾಗಬಹುದು. ಎರಡೂ ಇಂಗ್ಲಿಷೇ. ಪರೀಕ್ಷೆಯ ಹಾಳೆಯಲ್ಲಿ ಮಾತ್ರ ಪಠ್ಯಪುಸ್ತಕದ ದಾರಿಯೇ ಕ್ಷೇಮ.

ಕಾರ್ಖಾನೆಯೂರಿನ ವ್ಯಾಕರಣ

ಒಂದು ಅಂಕ, ಎರಡು ಅಂಕ ಹೋದರೆ ಹೋಯಿತು, ಅರ್ಥವಾದರೆ ಸಾಕಲ್ಲ ಎಂದು ಹೇಳುವವರಿದ್ದಾರೆ. ಅರ್ಥವೇ ಬದಲಾಗಿಬಿಟ್ಟರೆ? ಭದ್ರಾವತಿಯಂಥ ಊರಿನಲ್ಲಿ ಈ ಪ್ರಶ್ನೆಗೆ ಬೇರೆಯೇ ತೂಕವಿದೆ.

ಮೈಸೂರು ಕಾಗದ ಕಾರ್ಖಾನೆ, ಜನರ ಬಾಯಲ್ಲಿ ಎಂಪಿಎಂ, 1936ರಲ್ಲಿ ಸ್ಥಾಪನೆಯಾಯಿತು. ಬರೆಯುವ ಕಾಗದ, 1980ರ ದಶಕದಿಂದ ಪತ್ರಿಕೆಗಳ ಮುದ್ರಣಕ್ಕೆ ಬೇಕಾದ ಕಾಗದ ಅಲ್ಲಿ ತಯಾರಾಗುತ್ತಿತ್ತು. 2015ರಲ್ಲಿ ಉತ್ಪಾದನೆ ನಿಂತಿತು. ಪೇಪರ್ ಟೌನ್ ಎಂಬ ಹೆಸರು ಮಾತ್ರ ಉಳಿಯಿತು.

ಆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರೊಬ್ಬರ ಮಗಳು ಕಾಲೇಜಿನ ಸಂದರ್ಶನಕ್ಕೆ ಶಿವಮೊಗ್ಗಕ್ಕೆ ಬಂದಿದ್ದಾಳೆ ಎಂದುಕೊಳ್ಳೋಣ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಬಗ್ಗೆ ಬರೆಯಬೇಕು. ‘ಮೈ ಫಾದರ್ ಹ್ಯಾಸ್ ವರ್ಕ್ಡ್ ಇನ್ ದಿ ಪೇಪರ್ ಮಿಲ್ ಫಾರ್ ಟ್ವೆಂಟಿ ಇಯರ್ಸ್’ ಎಂದು ಬರೆಯುತ್ತಾಳೆ. ‘ಇಪ್ಪತ್ತು ವರ್ಷ ಕೆಲಸ ಮಾಡಿದ್ದಾರೆ’ ಎಂಬ ಕನ್ನಡದ ವಾಕ್ಯವೇ ಅವಳ ಮನಸ್ಸಿನಲ್ಲಿರುವುದು. ಕನ್ನಡದಲ್ಲಿ ಅದು ಪೂರ್ತಿ ನಿಜ. ಆದರೆ ಇಂಗ್ಲಿಷಿನಲ್ಲಿ ಓದುವವರು ತಂದೆ ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೆ, ತಿಂಗಳ ಸಂಬಳ ಬರುತ್ತಿದೆ ಎಂದೇ ತಿಳಿಯುತ್ತಾರೆ. ನೆರವು ಬೇಕಾದ ಮನೆ ನೆರವು ಬೇಡದ ಮನೆಯಂತೆ ಕಾಣುತ್ತದೆ. ‘ಹ್ಯಾಸ್’ ಎಂಬ ಒಂದೇ ಪದ ತೆಗೆದು ‘ಮೈ ಫಾದರ್ ವರ್ಕ್ಡ್ ಇನ್ ದಿ ಪೇಪರ್ ಮಿಲ್ ಫಾರ್ ಟ್ವೆಂಟಿ ಇಯರ್ಸ್’ ಎಂದಿದ್ದರೆ ಸಂಗತಿ ನೇರವಾಗುತ್ತಿತ್ತು.

ಇದರ ತಿರುವುಮುರುವೂ ಉಂಟು. ಅಂಗಡಿಯೊಂದರಲ್ಲಿ ಐದು ವರ್ಷದಿಂದ ಲೆಕ್ಕ ಬರೆಯುತ್ತಿರುವ ಯುವಕ ಹೊಸ ಕೆಲಸಕ್ಕೆ ಅರ್ಜಿ ಹಾಕುವಾಗ ‘ಐ ವರ್ಕ್ಡ್ ಫಾರ್ ಫೈವ್ ಇಯರ್ಸ್’ ಎಂದರೆ ಕೆಲಸ ಬಿಟ್ಟು ಕೂತಿದ್ದಾನೆಂದು ಅರ್ಥವಾಗುತ್ತದೆ. ‘ಏಕೆ ಬಿಟ್ಟಿರಿ?’ ಎಂಬ ಮುಂದಿನ ಪ್ರಶ್ನೆಗೆ ಅವನು ಕಕ್ಕಾಬಿಕ್ಕಿಯಾಗುತ್ತಾನೆ. ಅವನು ಹೇಳಬೇಕಾಗಿದ್ದುದು ‘ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’, ಅಥವಾ ‘ಹ್ಯಾವ್ ಬೀನ್ ವರ್ಕಿಂಗ್’.

ಕಾರ್ಖಾನೆಯ ಬಗ್ಗೆಯೇ ಮೂರು ವಾಕ್ಯ ಬರೆದು ನೋಡಬಹುದು. ‘ದಿ ಮಿಲ್ ಕ್ಲೋಸ್ಡ್ ಇನ್ 2015’ ಎಂಬುದು ಚರಿತ್ರೆ, ಮುಂದೆ ಏನೇ ಆದರೂ ಈ ವಾಕ್ಯ ಸುಳ್ಳಾಗುವುದಿಲ್ಲ. ‘ದಿ ಮಿಲ್ ಹ್ಯಾಸ್ ಕ್ಲೋಸ್ಡ್’ ಎಂಬುದು ಈಗಿನ ಸುದ್ದಿ, ಅಂದರೆ ಗೇಟು ಮುಚ್ಚಿದೆ. ‘ದಿ ಮಿಲ್ ಹ್ಯಾಸ್ ಬೀನ್ ಕ್ಲೋಸ್ಡ್ ಸಿನ್ಸ್ 2015’ ಎಂದರೆ ಅಂದಿನಿಂದ ಇಂದಿನವರೆಗೆ ಎಳೆದು ಬಂದ ಕಾಯುವಿಕೆಯೂ ಅದರಲ್ಲಿದೆ. ಎಂದಾದರೊಂದು ದಿನ ಯಂತ್ರಗಳು ಮತ್ತೆ ತಿರುಗಿದರೆ ಆ ಬೆಳಿಗ್ಗೆ ಕೊನೆಯ ಎರಡು ವಾಕ್ಯಗಳನ್ನು ಹಾಗೇ ಬರೆಯಲಾಗದು, ಮೊದಲನೆಯದು ಮಾತ್ರ ಉಳಿಯುತ್ತದೆ. ಪ್ರೆಸೆಂಟ್ ಪರ್ಫೆಕ್ಟ್ ಇಂದಿನ ಮೇಲೆ ನಿಂತ ವಾಕ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಊರಿನ ಇನ್ನೊಂದು ಆಧಾರವಾದ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ಕಥೆಯಲ್ಲೂ ಇದೇ ಪಾಠವಿದೆ. 1918ರಲ್ಲಿ ಮೈಸೂರು ಸಂಸ್ಥಾನ ಅದಕ್ಕೆ ಬುನಾದಿ ಹಾಕಿತು, 1923ರಲ್ಲಿ ಉತ್ಪಾದನೆ ಆರಂಭವಾಯಿತು, ಆ ವರ್ಷದಿಂದ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. 1998ರಲ್ಲಿ ಅದು ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರ ಹೋರಾಟದ ನಡುವೆ ಅದೇ ಆಗಸ್ಟಿನಲ್ಲಿ ಕೆಲಸ ಭಾಗಶಃ ಮತ್ತೆ ಶುರುವಾಯಿತು. ಈ ಎಲ್ಲ ವರ್ಷಗಳಿಗೂ ಇಂಗ್ಲಿಷಿನಲ್ಲಿ ಸಿಂಪಲ್ ಪಾಸ್ಟ್ ಬೇಕು. ‘ಈ ಕಾರ್ಖಾನೆ ನಾಲ್ಕು ತಲೆಮಾರಿಗೆ ಅನ್ನ ಕೊಟ್ಟಿದೆ’ ಎಂದು ಇಸವಿ ಹಿಡಿಯದೆ ಹೇಳುವಾಗ ಮಾತ್ರ ‘ಹ್ಯಾಸ್ ಫೆಡ್’.

ಸುದ್ದಿ ಪತ್ರಿಕೆಯೇ ಪಾಠ

ಇಂಗ್ಲಿಷ್ ದಿನಪತ್ರಿಕೆಯ ಸುದ್ದಿಯೊಂದನ್ನು ತೆಗೆದುಕೊಂಡು ಮೊದಲ ಎರಡು ಮೂರು ವಾಕ್ಯಗಳ ಕ್ರಿಯಾಪದಗಳಿಗೆ ಗೆರೆ ಎಳೆಯುವುದು ಒಳ್ಳೆಯ ಅಭ್ಯಾಸ. ಎಷ್ಟೋ ಸುದ್ದಿಗಳು ‘ಸರ್ಕಾರ ಒಪ್ಪಿಗೆ ಕೊಟ್ಟಿದೆ’ ಎಂಬರ್ಥದ ‘ಹ್ಯಾಸ್ ಅಪ್ರೂವ್ಡ್’ ಎಂದು ಶುರುವಾಗುತ್ತವೆ. ಎರಡನೆಯ ವಾಕ್ಯದಲ್ಲಿ ಸೋಮವಾರ, ಮಂಗಳವಾರ ಎಂದು ದಿನ ಬಂದ ಕೂಡಲೇ ‘ವಾಸ್ ಟೇಕನ್’, ‘ಸೆಡ್’ ಎಂಬ ಸಿಂಪಲ್ ಪಾಸ್ಟಿಗೆ ಹೊರಳುತ್ತವೆ. ಮೊದಲು ಫಲ, ಆಮೇಲೆ ವಿವರ. ಹತ್ತು ಸುದ್ದಿ ಹೀಗೆ ನೋಡಿದವರಿಗೆ ಹತ್ತು ಪುಟ ಸೂತ್ರ ಓದಬೇಕಾಗುವುದಿಲ್ಲ.

ಜಿಲ್ಲೆಯ ಸಂಗತಿಗಳನ್ನೇ ಹೀಗೆ ಬರೆಯಬಹುದು. ‘ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂದಿದೆ’ ಎಂಬುದಕ್ಕೆ ‘ಶಿವಮೊಗ್ಗ ಹ್ಯಾಸ್ ಗಾಟ್ ಆ್ಯನ್ ಏರ್‌ಪೋರ್ಟ್’. ಅದರ ಉದ್ಘಾಟನೆ 2023ರ ಫೆಬ್ರವರಿ 27ರಂದು ಆಯಿತು ಎಂಬುದಕ್ಕೆ ‘ವಾಸ್ ಇನಾಗರೇಟೆಡ್’. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾಗಿದೆ ಎನ್ನಲು ‘ಹ್ಯಾಸ್ ಚೇಂಜ್ಡ್’. ‘ಶಿಮೋಗ’ ಹೋಗಿ ‘ಶಿವಮೊಗ್ಗ’ ಆದದ್ದು 2014ರ ನವೆಂಬರ್ 1ರಂದು ಎನ್ನಲು ಬರಿಯ ‘ಚೇಂಜ್ಡ್’.

ಪ್ರಬಂಧಗಳಲ್ಲಿ ಇನ್ನೊಂದು ತಪ್ಪು ಆಗಾಗ ಕಾಣುತ್ತದೆ. ‘ಕುವೆಂಪು ಹ್ಯಾಸ್ ಬಾರ್ನ್ ಇನ್ 1904’ ಎಂದು ಬರೆಯುವುದು. ಹುಟ್ಟಿದ ದಿನ ಮುಗಿದ ಸಮಯ, ಆದ್ದರಿಂದ ‘ವಾಸ್ ಬಾರ್ನ್’. ‘ಕುವೆಂಪು ಶ್ರೀ ರಾಮಾಯಣ ದರ್ಶನಂ ಬರೆದಿದ್ದಾರೆ’ ಎಂದು ಕನ್ನಡದಲ್ಲಿ ಇಂದಿಗೂ ಹೇಳುತ್ತೇವೆ. ಇಂಗ್ಲಿಷಿನಲ್ಲಿ 1994ರಲ್ಲಿ ತೀರಿಕೊಂಡ ಕವಿಯ ಬಗ್ಗೆ ‘ಹ್ಯಾಸ್ ರಿಟನ್’ ಎಂದರೆ ಇನ್ನೂ ಬರೆಯುತ್ತಿರುವವರ ಮಾತಿನಂತೆ ಕೇಳುತ್ತದೆ, ‘ರೋಟ್’ ಎನ್ನುವುದೇ ವಾಡಿಕೆ.

ಇಂಗ್ಲಿಷ್ ಬಾರದ ತಂದೆತಾಯಿಗಳಿಗೂ ಕೆಲಸವಿದೆ

‘ನಮಗೇ ಇಂಗ್ಲಿಷ್ ಬರಲ್ಲ, ಮಕ್ಕಳಿಗೆ ಏನು ಹೇಳಿಕೊಡೋಣ?’ ಎನ್ನುವ ಪಾಲಕರೇ ಹೆಚ್ಚು. ತಿಂಗಳಲ್ಲಿ ಇಂಗ್ಲಿಷ್ ಕಲಿಸುತ್ತೇವೆನ್ನುವ ಪುಸ್ತಕಕ್ಕೂ ಟ್ಯೂಷನ್ನಿಗೂ ಹಣ ಸುರಿಯುವ ಮೊದಲು ಅವರು ಮನೆಯಲ್ಲೇ ಮಾಡಬಹುದಾದ ಒಂದು ಸಹಾಯವಿದೆ. ಮಗು ಇಂಗ್ಲಿಷಿನಲ್ಲಿ ಬರೆದ ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಹೇಳಿಸುವುದು. ಆಮೇಲೆ ಮೂರೇ ಪ್ರಶ್ನೆ ಕೇಳುವುದು. ಇದು ‘ಬಂದಿಲ್ಲ’ದ ಜಾತಿಯೋ, ‘ಬರಲಿಲ್ಲ’ದ ಜಾತಿಯೋ? ಯಾವಾಗ ಎಂದು ವಾಕ್ಯದಲ್ಲೇ ಹೇಳಿದೆಯೋ? ಇನ್ನೂ ನಡೆಯುತ್ತಿದೆಯೋ, ಮುಗಿದಿದೆಯೋ? ಈ ಪ್ರಶ್ನೆಗಳಿಗೆ ಇಂಗ್ಲಿಷಿನ ಒಂದಕ್ಷರವೂ ಬೇಕಿಲ್ಲ. ಕನ್ನಡ ಚೆನ್ನಾಗಿ ಗೊತ್ತಿದ್ದರೆ ಸಾಕು. ಈ ವಿಷಯದಲ್ಲಿ ಓದು ಬಾರದ ಅಜ್ಜಿಯೂ ಮನೆಯ ಮೇಷ್ಟ್ರೇ.

ಅಭ್ಯಾಸಕ್ಕೆ ಐದು ವಾಕ್ಯಗಳನ್ನು ಇಲ್ಲಿ ಕೊಡಲಾಗಿದೆ. ಕೆಳಗಿನ ಉತ್ತರವನ್ನು ಮುಚ್ಚಿಟ್ಟು ಮೊದಲು ತಾವೇ ಬರೆಯುವುದು ಒಳ್ಳೆಯದು.

1. ಅಕ್ಕ ಇನ್ನೂ ಕಾಲೇಜಿನಿಂದ ಬಂದಿಲ್ಲ.
2. ಮೊನ್ನೆ ಅವಳು ಕಾಲೇಜಿಗೆ ಹೋಗಲಿಲ್ಲ.
3. ಜೂನ್ ತಿಂಗಳಿಂದ ಇದೇ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ.
4. ಅಪ್ಪ ಮೈಸೂರಿಗೆ ಎರಡು ಸಲ ಹೋಗಿ ಬಂದಿದ್ದಾರೆ.
5. ಪುಸ್ತಕವನ್ನು ಹೋದ ವಾರವೇ ವಾಪಸು ಕೊಟ್ಟಿದ್ದೇನೆ.

ಉತ್ತರಗಳು:

1. ಮೈ ಸಿಸ್ಟರ್ ಹ್ಯಾಸ್ ನಾಟ್ ಕಮ್ ಫ್ರಮ್ ಕಾಲೇಜ್ ಯೆಟ್.
2. ಶಿ ಡಿಡ್ ನಾಟ್ ಗೋ ಟು ಕಾಲೇಜ್ ದಿ ಡೇ ಬಿಫೋರ್ ಯೆಸ್ಟರ್ಡೇ.
3. ಐ ಹ್ಯಾವ್ ಬೀನ್ ಟ್ರಾವೆಲಿಂಗ್ ಬೈ ದಿಸ್ ಬಸ್ ಸಿನ್ಸ್ ಜೂನ್.
4. ಮೈ ಫಾದರ್ ಹ್ಯಾಸ್ ಬೀನ್ ಟು ಮೈಸೂರು ಟ್ವೈಸ್.
5. ಐ ರಿಟರ್ನ್ಡ್ ದಿ ಬುಕ್ ಲಾಸ್ಟ್ ವೀಕ್.

ಐದನೆಯದರಲ್ಲಿ ಕನ್ನಡದ ‘ಕೊಟ್ಟಿದ್ದೇನೆ’ಯನ್ನು ನಂಬಿ ‘ಹ್ಯಾವ್’ ಬರೆದವರು ಮೊದಲ ಕವಲನ್ನು ಇನ್ನೊಮ್ಮೆ ಓದಬೇಕು. ‘ಹೋದ ವಾರ’ ಎಂದು ದಿನ ಹೇಳಿಯಾಗಿದೆ.

ಪೇಪರ್ ಟೌನಿನ ಆ ಮನೆಯಲ್ಲಿ ಈ ಹೊತ್ತಿಗೆ ಸೈ‍ಕಲ್ ಗಂಟೆ ಕೇಳಿಸಿರುತ್ತದೆ. ಅಂಗಳಕ್ಕೆ ಪತ್ರಿಕೆ ಬಿದ್ದ ಸದ್ದಾಗಿ ಹುಡುಗ ಒಳಗಿನಿಂದಲೇ ‘ಅಪ್ಪಾ, ಪೇಪರ್ ಬಂತು!’ ಎಂದು ಕೂಗುತ್ತಾನೆ. ಅದನ್ನು ಇಂಗ್ಲಿಷಿನಲ್ಲಿ ಹೇಳು ನೋಡೋಣ ಎಂದು ತಂದೆ ಕೇಳಿದರೆ ಅವನು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಇದು ಮೂರನೆಯ ಕವಲು. ‘ದಿ ಪೇಪರ್ ಹ್ಯಾಸ್ ಕಮ್.’